ಘಟಕದ ನೀರು ಬಿಂದಿಗೆಗೆ ಬಂದ ಮೇಲೆ

ಬಾಗೇಪಲ್ಲಿ ತಾಲ್ಲೂಕಿನ ಶಾಲೆಗಳಿಗೆ ಬರುವ ವಿದೇಶಿ ಸ್ವಯಂಸೇವಕರಿಗೆ ಊರಿನ ಮನೆಗಳಲ್ಲೇ ವಸತಿ ಮಾಡಿಸುವ ಹೊಣೆ ನನ್ನದು. ಬಂದ ಹೊಸದರಲ್ಲೇ ಬಹುತೇಕರಿಗೆ ಹೊಟ್ಟೆ ಕೆಡುತ್ತಿತ್ತು. ಖಾರ ಹೆಚ್ಚಾಯಿತು, ಮುದ್ದೆ ಒಗ್ಗಲಿಲ್ಲ ಎನ್ನುತ್ತಿದ್ದರು ಊರವರು. ನನಗೆ ನೀರಿನ ಮೇಲೆಯೇ ಅನುಮಾನ.

ನಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದು ಗಾಢವಾಗುತ್ತದೆ. ಅದಕ್ಕೇ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತಾರೆ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಮನೆಗೆ ಬಂದ ಮೇಲೆ ಕ್ರಿಮಿ ಸೇರಿದರೆ ತಡೆಯುವವರಿಲ್ಲ.

ಗ್ರಾಮ ಪಂಚಾಯಿತಿಯಿಂದ ಎಚ್‌2ಎಸ್ ಪರೀಕ್ಷೆಯ ಶೀಶೆಗಳನ್ನು ಕೇಳಿ ತಂದೆ. ಮಲದ ಕ್ರಿಮಿ ಸೇರಿದ ನೀರು ಈ ಶೀಶೆಯಲ್ಲಿ ಕಪ್ಪಾಗುತ್ತದೆ. ಘಟಕದ ನಲ್ಲಿ, ಕ್ಯಾನ್, ಅಡುಗೆಮನೆಯ ಸ್ಟೀಲ್ ಬಿಂದಿಗೆ, ಮೂರೂ ಕಡೆಯ ನೀರನ್ನು ಗೆರೆ ಮುಟ್ಟುವಷ್ಟು ತುಂಬಿಸಿ ಬೆಚ್ಚಗಿನ ಜಾಗದಲ್ಲಿಟ್ಟೆ. ಮರುದಿನ ನಲ್ಲಿಯದು ಹಾಗೆಯೇ ಇತ್ತು. ಕ್ಯಾನಿನದು ಮಬ್ಬಾಗುತ್ತಿತ್ತು. ಬಿಂದಿಗೆಯದು ಕಾಡಿಗೆಯಂತೆ ಕಪ್ಪು.

"ದಿನಾ ಬೆಳಗುತ್ತೇನಲ್ಲ ಮೇಷ್ಟ್ರೇ" ಎಂದು ಮನೆಯ ಅಜ್ಜಿ ನೊಂದುಕೊಂಡರು. ನಿಜ, ಬಿಂದಿಗೆ ಥಳಥಳ ಹೊಳೆಯುತ್ತಿತ್ತು. ತೊಂದರೆ ಇದ್ದುದು ಚೊಂಬು ಅದ್ದುವ ಕೈಗಳಲ್ಲಿ. ಅತಿಥಿಗಳ ಮಾತಿರಲಿ, ಅಂಗನವಾಡಿಗೆ ಹೋಗುವ ಅವರ ಮೊಮ್ಮಗುವಿಗೂ ಪದೇ ಪದೇ ಭೇದಿಯಾಗುತ್ತಿತ್ತು. ಅಜ್ಜಿಯ ಮನಸ್ಸು ತಿರುಗಿದ್ದು ಆ ಮಾತಿಗೆ.

ಆಮೇಲೆ ಪ್ರತಿ ಮನೆಗೂ ನಲ್ಲಿಯಿರುವ, ಮುಚ್ಚಳ ಬಿಗಿಯಾದ ಡ್ರಮ್ ಕೊಡಿಸಿದೆವು. ಕ್ಯಾನುಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕುಲುಕಿ ತೊಳೆಯುವುದು ರೂಢಿಯಾಯಿತು. ಹೊಸದಾಗಿ ಬಂದವರಿಗೆ ಘಟಕದ ನೀರನ್ನೇ ಒಂದು ನಿಮಿಷ ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿ ಕೊಡುತ್ತೇವೆ. ಹೊಟ್ಟೆ ಕೆಡುವುದು ಪೂರ್ತಿ ನಿಂತಿಲ್ಲ, ಬಹಳ ಇಳಿದಿದೆ. ಪ್ರತಿ ಮನೆಯಲ್ಲೂ ಓಆರ್‌ಎಸ್ ಪೊಟ್ಟಣ ಇರಿಸಿದ್ದೇವೆ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುತ್ತೇವೆ.

ಉಳಿದ ದೊಡ್ಡ ತೊಡಕು ಮಜ್ಜಿಗೆ. ಯಾರ ಮನೆಗೆ ಹೋದರೂ ಹಸಿ ನೀರು ಬೆರೆಸಿದ ಮಜ್ಜಿಗೆಯನ್ನು ಪ್ರೀತಿಯಿಂದ ಕೊಡುತ್ತಾರೆ. ಬೇಡವೆಂದರೆ ಮನಸ್ಸು ನೋಯುತ್ತದೆ. ಬಿಸಿ ಕಾಫಿ ಕೇಳಿ ಎಂದು ಸ್ವಯಂಸೇವಕರಿಗೆ ಹೇಳಿಕೊಟ್ಟಿದ್ದೇನೆ. ಕೇಳಿ ಕುಡಿದರೆ ಮನೆಯವರಿಗೆ ಇನ್ನೂ ಖುಷಿ.