ನಮ್ಮ ಕಾಲೇಜಿನ ನೆಟ್‌ವರ್ಕ್‌ನಲ್ಲಿ ಬದಲಾವಣೆ ಹಿಡಿಯುವ ಲೆಕ್ಕ

ಎಂಜಿನಿಯರಿಂಗ್ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಸ್ಟೆಲ್, ಲ್ಯಾಬ್, ಆಫೀಸು ಎಲ್ಲಕ್ಕೂ ಸೇರಿ ಒಂದು ಗಿಗಾಬಿಟ್ ಲಿಂಕ್ ಇದೆ. "ನೆಟ್ ಸ್ಲೋ ಇದೆ ಸಾರ್" ಅಂತ ಫೋನ್ ಬಂದಮೇಲೆ ಗ್ರಾಫ್ ತೆರೆದು ನೋಡುವುದನ್ನು ಎಲ್ಲರೂ ಮಾಡುತ್ತಾರೆ. ಯಾರೂ ಫೋನ್ ಮಾಡದ ಬದಲಾವಣೆಗಳನ್ನು ಲೆಕ್ಕ ಹಾಕಿ ಹಿಡಿಯಲು ಏನೇನು ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ. ದುಬಾರಿ ಸಾಫ್ಟ್‌ವೇರ್ ಏನೂ ಇಲ್ಲ. ಒಂದು ಹಳೇ ಸರ್ವರ್, ನೆಟ್‌ವರ್ಕ್ ದಾಖಲೆ ಓದುವ ಎನ್‌ಎಫ್‌ಡಂಪ್ ಅನ್ನುವ ಪ್ರೋಗ್ರಾಂ, ಒಂದಿಷ್ಟು ಪೈಥಾನ್ ಕೋಡ್, ಅಷ್ಟೇ.

ಮೊದಲು ಅಳತೆಯನ್ನೇ ಅನುಮಾನಿಸಬೇಕು. ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳನ್ನು ದೂರದಿಂದ ಓದುವ ವಿಧಾನ) ಕೊಡುವ, ಬೈಟ್ ಎಣಿಸುವ ಹಳೇ ಕೌಂಟರ್ 32 ಬಿಟ್‌ನದು. ಗಿಗಾಬಿಟ್ ಲಿಂಕ್ ಪೂರ್ತಿ ತುಂಬಿದರೆ ಅದು ಸುಮಾರು 34 ಸೆಕೆಂಡಿಗೊಮ್ಮೆ ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದುವ ಪ್ರೋಗ್ರಾಂಗೆ ನಡುವೆ ಎಷ್ಟು ಸುತ್ತಾಯಿತು ಅಂತ ಗೊತ್ತಾಗುವುದೇ ಇಲ್ಲ. ಗ್ರಾಫ್‌ನಲ್ಲಿ ಟ್ರಾಫಿಕ್ ಬಿದ್ದಂತೆ ಕಾಣುತ್ತದೆ, ನಿಜದಲ್ಲಿ ಏರಿರುತ್ತದೆ! ಅದಕ್ಕೇ 64 ಬಿಟ್ ಕೌಂಟರನ್ನೇ ಓದಬೇಕು. ಒಳಗಿನ ವಿವರಕ್ಕೆ ನೆಟ್‌ಫ್ಲೋ ಬೇಕು, ಅಂದರೆ ಒಂದೊಂದು ಸಂಪರ್ಕಕ್ಕೂ (ಫ್ಲೋ) ಬರೆದಿಡುವ ಸಣ್ಣ ದಾಖಲೆ. ಯಾರು, ಯಾರಿಗೆ, ಯಾವ ಪೋರ್ಟ್‌ಗೆ (ಸಾಧನದ ಒಳಗಿನ ಸೇವೆಯ ಬಾಗಿಲ ಸಂಖ್ಯೆ), ಎಷ್ಟು ಪ್ಯಾಕೆಟ್, ಎಷ್ಟು ಬೈಟ್ ಅನ್ನುವುದು ಅದರಲ್ಲಿ ಸಿಗುತ್ತದೆ. ಯಾರು ಏನು ಬರೆದರು, ಏನು ನೋಡಿದರು ಅನ್ನುವುದು ಸಿಗುವುದಿಲ್ಲ, ನನಗೆ ಬೇಕಾಗಿಯೂ ಇಲ್ಲ. ಈ ಫ್ಲೋಗಳನ್ನು, ವಿಳಾಸ ಬದಲಿಸುವ ನ್ಯಾಟ್‌ನ ಒಳಬದಿಯಲ್ಲೇ ತೆಗೆದುಕೊಳ್ಳಿ. ಹೊರಬದಿಯಲ್ಲಿ ಸಾವಿರ ಮೊಬೈಲೂ ಒಂದೇ ವಿಳಾಸವಾಗಿ ಕಾಣುತ್ತವೆ.

ಐದು ನಿಮಿಷಕ್ಕೊಂದು ಫೈಲ್ ಅಂದರೆ ದಿನಕ್ಕೆ 288 ಅಳತೆ. ಇದಕ್ಕೆ ಸರಾಸರಿ ತೆಗೆದು, ಮೂರು ಮಾನಕ ವಿಚಲನೆ (ಮಾಮೂಲಿ ಏರಿಳಿತದ ಅಳತೆ) ದಾಟಿದರೆ ಅಲಾರಂ ಕೊಡು ಅನ್ನುವುದು ಪುಸ್ತಕದ ದಾರಿ. ಅಳತೆಗಳೆಲ್ಲ ಗಂಟೆಯಾಕಾರದ ನಾರ್ಮಲ್ ಹಂಚಿಕೆಯಂತೇ ಇದ್ದರೂ ಈ ಗೆರೆಯನ್ನು ಶೇಕಡಾ 0.27 ಅಳತೆಗಳು ಸುಮ್ನೆ ದಾಟುತ್ತವೆ. ನಾನು ಇಪ್ಪತ್ತು ಬಗೆಯ ಅಳತೆ ಇಟ್ಟಿದ್ದೇನೆ. ಗುಣಿಸಿ ನೋಡಿ, ಏನೂ ಆಗದ ದಿನವೂ ಹದಿನೈದು ಅಲಾರಂ! ಮೇಲಾಗಿ ಟ್ರಾಫಿಕ್ ಆ ಹಂಚಿಕೆಯಂತೆ ಇರುವುದೂ ಇಲ್ಲ. ಬೆಲ್‌ಕೋರ್ ಪ್ರಯೋಗಾಲಯದಲ್ಲಿ ಈಥರ್ನೆಟ್ ಟ್ರಾಫಿಕ್ ಅಳೆದವರು 1990ರ ದಶಕದ ಮೊದಲಲ್ಲೇ ಇನ್ನೊಂದನ್ನೂ ತೋರಿಸಿದ್ದರು. ಸೆಕೆಂಡಿನ ಲೆಕ್ಕದಲ್ಲಿ ನೋಡಿದರೂ, ನಿಮಿಷಗಳ ಲೆಕ್ಕದಲ್ಲಿ ನೋಡಿದರೂ ಏರಿಳಿತ ಸಪಾಟಾಗುವುದಿಲ್ಲ.

ಅದಕ್ಕೆ ಸರಾಸರಿಯನ್ನು ಬಿಟ್ಟು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಹಿಡಿದೆ. ವಾರವನ್ನು ಗಂಟೆಗೊಂದರಂತೆ 168 ಮನೆಗಳಾಗಿ ಮಾಡಿದೆ. ಸೋಮವಾರ ಬೆಳಿಗ್ಗೆ ಹತ್ತರ ಟ್ರಾಫಿಕ್ಕನ್ನು ಹಿಂದಿನ ಸೋಮವಾರಗಳ ಹತ್ತು ಗಂಟೆಯ ಜೊತೆ ಮಾತ್ರ ಹೋಲಿಸುವುದು. ಬೈಟ್‌ಗಳಿಗೆ ಮೊದಲು ಲಾಗ್ (ಲಾಗರಿದಮ್) ತೆಗೆದು, ಆಮೇಲೆ ಆ ಮನೆಯ ಮೀಡಿಯನ್‌ನಿಂದ ಎಷ್ಟು ದೂರ ಅಂತ ನೋಡುತ್ತೇನೆ. ಆ ದೂರಗಳ ಮೀಡಿಯನ್ನನ್ನು 1.4826ರಿಂದ ಗುಣಿಸಿದರೆ ಮಾನಕ ವಿಚಲನೆಯ ಜಾಗದಲ್ಲಿ ಬಳಸಬಹುದು. ಒಂದು ರಾತ್ರಿ ಕ್ರಿಕೆಟ್ ಮ್ಯಾಚ್ ಇತ್ತು ಅಂತ ಇಡೀ ಲೆಕ್ಕ ಅಲ್ಲಾಡುವುದಿಲ್ಲ. ಪರೀಕ್ಷೆ, ದಸರಾ ರಜೆ, ರಿಸಲ್ಟ್ ದಿನ ಇವನ್ನು ಮಾತ್ರ ಕೈಯಿಂದ ಕ್ಯಾಲೆಂಡರ್ ಫೈಲಿಗೆ ಸೇರಿಸುತ್ತೇನೆ. ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಫೈಲ್ ನನ್ನ ಹತ್ತಿರ ಇನ್ನೊಂದಿಲ್ಲ.

ಇಷ್ಟಾದರೂ ಸಣ್ಣಗೆ, ಬಿಡದೆ ನಡೆಯುವ ಬದಲಾವಣೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಕ್ಯೂಸಮ್ (ಕೂಡುತ್ತಾ ಹೋಗುವ ಮೊತ್ತ) ಇದೆ. 1954ರಲ್ಲಿ ಇ. ಎಸ್. ಪೇಜ್ ಕೊಟ್ಟ ಲೆಕ್ಕ, ಕಾರ್ಖಾನೆಯ ಗುಣಮಟ್ಟ ನೋಡಲು ಇವತ್ತಿಗೂ ಬಳಸುತ್ತಾರೆ. ಪ್ರತಿ ಸಲದ ವ್ಯತ್ಯಾಸವನ್ನು ಮಾನಕ ವಿಚಲನೆಗಳಲ್ಲಿ ಅಳೆದು, ಅದರಿಂದ 0.5 ಕಳೆದು, ಉಳಿದದ್ದನ್ನು ಹಿಂದಿನ ಬಾಕಿಗೆ ಕೂಡಿಸಬೇಕು. ಬಾಕಿ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆಯೇ. ಕಿರಾಣಿ ಅಂಗಡಿಯ ಸಾಲದ ಪುಸ್ತಕದ ಹಾಗೆ, ಒಂದೊಂದು ಬರಹವೂ ಚಿಲ್ಲರೆ, ಮೊತ್ತ ಮಾತ್ರ ಏರುತ್ತಲೇ ಹೋಗುತ್ತದೆ. ಪುಸ್ತಕಗಳಲ್ಲಿ ಅಲಾರಂ ಗೆರೆ ಸಾಮಾನ್ಯವಾಗಿ 5. ಏರಿಕೆ, ಇಳಿಕೆ ಎರಡೂ ನೋಡಿದರೆ ಸುಮಾರು 465 ಅಳತೆಗೊಂದು ಸುಳ್ಳು ಅಲಾರಂ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಒಂದೂವರೆ ದಿನಕ್ಕೊಂದು, ಅದೂ ಒಂದೊಂದು ಅಳತೆಗೂ. ಪಕ್ಕಪಕ್ಕದ ಅಳತೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ. ನಾನು ಗೆರೆಯನ್ನು 8ಕ್ಕೆ ಏರಿಸಿದೆ.

ಇಳಿಕೆಯ ಕಡೆಯ ಅಲಾರಂ ಬೇಡ ಅನ್ನುವವರು ಜಾಸ್ತಿ. ನನಗೆ ಅದೇ ಇಷ್ಟ. ರಾತ್ರಿ ಎರಡಕ್ಕೆ ಆಫೀಸ್ ಸರ್ವರ್‌ನ ಬ್ಯಾಕಪ್ ಹೊರಗೆ ಹೋಗುತ್ತದೆ. ಅದು ಒಮ್ಮೆ ಸದ್ದಿಲ್ಲದೆ ನಿಂತಿತ್ತು. ಬ್ಯಾಕಪ್ ನಿಂತರೆ ಯಾರೂ ಫೋನ್ ಮಾಡುವುದಿಲ್ಲ ಅಲ್ವಾ? ಆ ಗಂಟೆಯ ಅಳತೆ ಪ್ರತಿ ಸಲ ಮೂರರಷ್ಟು ಕೆಳಗಿದ್ದರೆ ಬಾಕಿ ಎರಡೂವರೆಯಂತೆ ಏರಿ, ನಾಲ್ಕನೇ ಅಳತೆಗೆ ಗೆರೆ ದಾಟುತ್ತದೆ. ಬ್ಯಾಕಪ್ ನಿಂತ ರಾತ್ರಿಯೇ, ಇಪ್ಪತ್ತು ನಿಮಿಷದೊಳಗೆ, ಮೇಲ್ ಬಂದಿತ್ತು.

ಆದರೆ ಬೈಟ್ ಲೆಕ್ಕ ಎಷ್ಟೇ ಚೊಕ್ಕ ಮಾಡಿದರೂ ಕೆಲವು ಬದಲಾವಣೆಗಳು ಅದರಲ್ಲಿ ಕಾಣುವುದೇ ಇಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಕೊಟ್ಟದ್ದು ಎಂಟ್ರೊಪಿ, ಅಂದರೆ ಹಂಚಿಕೆ ಎಷ್ಟು ಚದುರಿದೆ ಅನ್ನುವ ಲೆಕ್ಕ. ಮಾಹಿತಿ ಸಿದ್ಧಾಂತದ ಕ್ಲಾಡ್ ಶಾನನ್ 1948ರಲ್ಲಿ ಹೇಳಿದ ಅಳತೆಯೇ. ಫ್ಲೋಗಳೆಲ್ಲ ಒಂದೇ ಪೋರ್ಟ್‌ಗೆ ಹೋದರೆ ಸೊನ್ನೆ, ಸಮನಾಗಿ ಚದುರಿದರೆ ಒಂದು ಬರುವ ಹಾಗೆ ಭಾಗಿಸಿಕೊಳ್ಳುತ್ತೇನೆ. ಹೋಗುವ ವಿಳಾಸ, ಹೋಗುವ ಪೋರ್ಟ್, ಬರುವ ವಿಳಾಸ ಮೂರಕ್ಕೂ ಬೇರೆಬೇರೆ ಎಂಟ್ರೊಪಿ. ಒಂದು ಏರಿ ಇನ್ನೊಂದು ಇಳಿಯುವ ಜೋಡಿಯಲ್ಲೇ ಸುದ್ದಿ ಇರುತ್ತದೆ. ಎಲ್ಲೆಲ್ಲಿಂದಲೋ ಬಂದು ಒಂದೇ ವಿಳಾಸದ ಮೇಲೆ ಬಿದ್ದರೆ ಡಿಡಾಸ್ (ಹಲವು ಕಡೆಯಿಂದ ಒಟ್ಟಿಗೆ ಮುತ್ತಿ ಸೇವೆ ನಿಲ್ಲಿಸುವ) ದಾಳಿ ಇರಬಹುದು. ಒಂದೇ ವಿಳಾಸದ ನೂರಾರು ಪೋರ್ಟ್ ತಟ್ಟಿದರೆ ಪೋರ್ಟ್ ಸ್ಕ್ಯಾನ್, ಯಾವ ಬಾಗಿಲು ತೆರೆದಿದೆ ಅಂತ ಹುಡುಕುವುದು.

ಒಂದು ಹಾಸ್ಟೆಲ್‌ನಲ್ಲಿ ಹೋಗುವ ವಿಳಾಸದ ಎಂಟ್ರೊಪಿ ಏರಿ, ಪೋರ್ಟ್‌ನದು ಕುಸಿಯಿತು, ಅಂದರೆ ವಿಳಾಸಗಳು ಹಲವು, ಪೋರ್ಟ್ ಒಂದೆರಡೇ. ಬೈಟ್ ಗ್ರಾಫ್ ಮಿಸುಕಾಡಿರಲಿಲ್ಲ. ಸಂಪರ್ಕ ಕೋರಲು ಮೊದಲು ಕಳಿಸುವ ಸಿನ್ ಪ್ಯಾಕೆಟ್ ನಲವತ್ತು-ಅರವತ್ತು ಬೈಟ್ ಇರುತ್ತದೆ, ವಿಡಿಯೋ ನೋಡುವ ಹುಡುಗರ ಮುಂದೆ ಅದು ಯಾವ ಲೆಕ್ಕ? ಫ್ಲೋಗಳ ಸಂಖ್ಯೆ ಏರಿತ್ತು, ಒಂದೊಂದರಲ್ಲೂ ಒಂದೋ ಎರಡೋ ಪ್ಯಾಕೆಟ್. ಪೋರ್ಟ್ 23 ಮತ್ತು 2323. ಆ ಜೋಡಿ ನೋಡಿದರೆ ಈ ಕೆಲಸದವರಿಗೆ 2016ರ ಮಿರಾಯ್ ಮಾಲ್‌ವೇರ್ ನೆನಪಾಗುತ್ತದೆ. ಕ್ಯಾಮೆರಾ, ಅದರ ವಿಡಿಯೋ ದಾಖಲಿಸುವ ಡಿವಿಆರ್‌ಗಳಲ್ಲಿ ಕಂಪನಿ ಇಟ್ಟ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದರೆ ದೂರದಿಂದ ಲಾಗಿನ್ ಆಗುವ ಟೆಲ್‌ನೆಟ್ ಮೂಲಕ ಒಳಗೆ ಹೊಕ್ಕುವ ಜಾತಿ. ಡಿಎಚ್‌ಸಿಪಿ ಲಾಗ್ (ಯಾವ ಸಾಧನಕ್ಕೆ ಯಾವ ವಿಳಾಸ ಕೊಟ್ಟಿದೆ ಅನ್ನುವ ದಾಖಲೆ) ಹಿಡಿದು ಹುಡುಕಿದರೆ ಸಿಕ್ಕಿದ್ದು ಸಿಸಿಟಿವಿಯ ಡಿವಿಆರ್.

ನನ್ನ ಗ್ರಾಫ್‌ನಲ್ಲಿ ಇನ್ನೊಂದು ವಿಚಿತ್ರ ಇತ್ತು. ಸ್ಕ್ಯಾನ್ ನಡುನಡುವೆ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ಜನರೇಟರ್ ಬರೆಯುವ ಪುಸ್ತಕ ತರಿಸಿ ನೋಡಿದೆ. ಕರೆಂಟ್ ಹೋದ ಹೊತ್ತುಗಳೇ ಅವು. ಮಿರಾಯ್ ಕುಲದ ಮಾಲ್‌ವೇರ್ ಕೂತುಕೊಳ್ಳುವುದು ಮೆಮೊರಿಯಲ್ಲಿ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಪಾಸ್‌ವರ್ಡ್ ಹಳೆಯದೇ ಇದ್ದರೆ ಮತ್ತೆ ಹತ್ತುತ್ತದೆ. ರೀಸ್ಟಾರ್ಟ್ ಮಾಡಿ "ಸರಿಹೋಯ್ತು" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಪಾಸ್‌ವರ್ಡ್ ಬದಲಿಸಿ, ಕ್ಯಾಮೆರಾಗಳಿಗೆಲ್ಲ ಬೇರೆ ವಿಲ್ಯಾನ್ (ಪ್ರತ್ಯೇಕ ಒಳ ನೆಟ್‌ವರ್ಕ್) ಕೊಟ್ಟು, ಹೊರಗಿನ ದಾರಿ ಮುಚ್ಚಿದೆವು.

ಪ್ರತಿ ಬದಲಾವಣೆಯೂ ತೊಂದರೆಯಲ್ಲ. ಬ್ರೌಸರ್‌ಗಳು ಕ್ವಿಕ್ ಅನ್ನುವ ಹೊಸ ಸಂಪರ್ಕ ವಿಧಾನಕ್ಕೆ ಹೊರಳಿದಂತೆ ವೆಬ್‌ನ ಹಳೇ ದಾರಿ ಟಿಸಿಪಿ 443 ಇಳಿದು, ಹೊಸ ದಾರಿ ಯುಡಿಪಿ 443 ಏರಿತು. ಲೆಕ್ಕದ ಕಣ್ಣಿಗೆ ಅದು ದೊಡ್ಡ ಬದಲಾವಣೆ, ನಮಗೆ ಏನೂ ಅಲ್ಲ. ಅದಕ್ಕೇ ನಮ್ಮ ಮೇಲ್‌ನಲ್ಲಿ "ದಾಳಿ" ಅನ್ನುವ ಪದವೇ ಇಲ್ಲ. "ಬದಲಾಗಿದೆ" ಅಂತ ಹೇಳಿ ಯಾವ ಅಳತೆ, ಯಾವಾಗಿನಿಂದ ಅಂತ ಕೊಡುತ್ತದೆ. ಅಲಾರಂ ನಡೆಯುತ್ತಿರುವಾಗ ಆ ಅಳತೆಗಳು ಮೀಡಿಯನ್‌ಗೆ ಸೇರುವುದಿಲ್ಲ. ಒಬ್ಬರು ನೋಡಿ "ಇನ್ನು ಇದೇ ಮಾಮೂಲಿ" ಅಂತ ಒತ್ತಿದರೆ ಮಾತ್ರ ಆ ಅಳತೆಯ ಲೆಕ್ಕ ಅಲ್ಲಿಂದ ಹೊಸದಾಗಿ ಶುರು.

ಈಗ ಕೈಯಲ್ಲಿರುವುದು ಐಪಿವಿ6, ಇಂಟರ್ನೆಟ್ ವಿಳಾಸಗಳ ಹೊಸ, ಉದ್ದನೆಯ ರೂಪ. ಮೊಬೈಲ್‌ಗಳು ಸುಮ್ಮಸುಮ್ಮನೆ ಹೊಸ ವಿಳಾಸ ಹಾಕಿಕೊಳ್ಳುತ್ತವೆ. ಬರುವ ವಿಳಾಸದ ಎಂಟ್ರೊಪಿ ಕಾರಣವಿಲ್ಲದೆ ಉಬ್ಬುತ್ತದೆ. ಮೊದಲ 64 ಬಿಟ್ ಮಾತ್ರ ಎಣಿಸಿದರೆ ಉಬ್ಬು ಇಳಿಯುತ್ತದೆ, ಆದರೆ ಒಂದು ಹಾಸ್ಟೆಲ್‌ನ ವಿಲ್ಯಾನ್ ಪೂರ್ತಿ ಒಂದೇ ವಿಳಾಸದಂತೆ ಕಾಣುತ್ತದೆ. ಹಾಗಾಗಿ ಸ್ವಿಚ್ ಪೋರ್ಟ್ ಮತ್ತು ಆಕ್ಸೆಸ್ ಪಾಯಿಂಟ್ ಹಿಡಿದು ಎಣಿಸಿ ನೋಡುತ್ತಿದ್ದೇನೆ.