ಇ-ರೀಡರಿನಲ್ಲಿ ಕನ್ನಡ–ಮಲಯಾಳ ಪದಪಟ್ಟಿ: ನಾವೇ ಬರೆಯಬಹುದಾದ ಪ್ಲಗಿನ್

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಕೈಗೆ ಮಲಯಾಳದ ಕಾಗದವೊಂದು ಬಂದಾಗ, ಗೊತ್ತಿಲ್ಲದ ಪದಗಳಿಗಿಂತ ಗೊತ್ತಿದೆಯೆಂದು ತೋರುವ ಪದಗಳೇ ಹೆಚ್ಚು ತೊಡಕು ಮಾಡುತ್ತವೆ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ, ‘ಅವಸರಂ’ ಎಂದರೆ ಅವಕಾಶ, ‘ಪ್ರಸಂಗಂ’ ಎಂದರೆ ಭಾಷಣ. ಯಕ್ಷಗಾನ ನೋಡಿ ಬೆಳೆದವರಿಗೆ ಕೊನೆಯದು ವಿಚಿತ್ರವಾಗಿಯೇ ಕೇಳಿಸುತ್ತದೆ. ಇಂತಹ ಪದಗಳನ್ನು ಒಂದೊಂದಾಗಿ ತೋರಿಸುವ ಪುಟ್ಟ ತಂತ್ರಾಂಶವು ಇ-ರೀಡರಿಗಾಗಿ ಕೋಡ್ ಬರೆಯಲು ಕಲಿಯುವವರಿಗೆ ಒಳ್ಳೆಯ ಮೊದಲ ಕೆಲಸ.

ಕಿಂಡಲ್‌ನಲ್ಲಿ ಹೊರಗಿನ ತಂತ್ರಾಂಶ ನಡೆಸಬೇಕಾದರೆ ಮೊದಲು ಜೈಲ್‌ಬ್ರೇಕ್ ಮಾಡಬೇಕು, ಅಂದರೆ ತಯಾರಕರು ಹಾಕಿದ ಬೀಗವನ್ನು ತೆಗೆಯಬೇಕು. ಕೊಬೊ ಮತ್ತು ಪಾಕೆಟ್‌ಬುಕ್‌ಗಳಲ್ಲಿ ಆ ತಡೆಯಿಲ್ಲ. ಸಾಧನ ಯಾವುದೇ ಇರಲಿ, ಆರಂಭದಲ್ಲೇ ಸ್ವತಂತ್ರ ಆ್ಯಪ್ ಬರೆಯಲು ಹೋಗದೆ, ಈ ಮೂರರಲ್ಲೂ ನಡೆಯುವ ಕೋರೀಡರ್ ಎಂಬ ಮುಕ್ತ ತಂತ್ರಾಂಶಕ್ಕೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ಲಗಿನ್, ಅಂದರೆ ಅದಕ್ಕೆ ಜೋಡಿಸುವ ಪುಟ್ಟ ಭಾಗ, ಬರೆಯುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರದೆ, ಸ್ಪರ್ಶ, ಅಕ್ಷರ ಜೋಡಣೆ ಇವೆಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಅದರ ಎಮ್ಯುಲೇಟರ್ (ಸಾಧನದಂತೆಯೇ ನಡೆದುಕೊಳ್ಳುವ ತಂತ್ರಾಂಶ) ಕಟ್ಟಿಕೊಂಡರೆ ಸಾಧನವನ್ನು ಮುಟ್ಟದೆಯೇ ಪರೀಕ್ಷಿಸಬಹುದು. ಮೊದಲ ಸಲ ಹೀಗೆ ಕಟ್ಟುವುದು ಬಹಳ ಹೊತ್ತು ಹಿಡಿಯುವುದರಿಂದ, ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರಿನವರು ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಕೊಂಡೇ ಕೂರುವುದು ಒಳ್ಳೆಯದು.

ಪ್ಲಗಿನ್ ಎಂದರೆ ‘ಪ್ಲಗಿನ್ಸ್’ ಫೋಲ್ಡರಿನೊಳಗೆ ‘.ಕೋಪ್ಲಗಿನ್’ ಎಂದು ಕೊನೆಗೊಳ್ಳುವ ಇನ್ನೊಂದು ಫೋಲ್ಡರ್. ಈ ಹೆಸರುಗಳನ್ನೆಲ್ಲ ಇಂಗ್ಲಿಷ್ ಲಿಪಿಯಲ್ಲಿಯೇ ಟೈಪ್ ಮಾಡಬೇಕು. ಅದರಲ್ಲಿ ಎರಡು ಕಡತಗಳಿರುತ್ತವೆ: ಹೆಸರು, ವಿವರಣೆಗಳಿರುವ ‘_ಮೆಟಾ.ಲುವಾ’ ಮತ್ತು ಕೆಲಸ ಮಾಡುವ ‘ಮೇನ್.ಲುವಾ’. ಎರಡನೆಯದರಲ್ಲಿ ಕೋರೀಡರಿನಲ್ಲಿ ಮೊದಲೇ ಇರುವ ‘ವಿಜೆಟ್‌ಕಂಟೇನರ್’ ಎಂಬ ಅಚ್ಚನ್ನು ವಿಸ್ತರಿಸಿ, ಮೆನುವಿಗೆ ಒಂದು ಸಾಲು ಸೇರಿಸಿ, ಆ ಸಾಲನ್ನು ಒತ್ತಿದಾಗ ‘ಇನ್ಫೋಮೆಸೇಜ್’ ಎಂಬ ಚೌಕದಲ್ಲಿ ಪದ ಕಾಣುವಂತೆ ಬರೆದರೆ ಸಾಕು. ಕಡತದ ಕೊನೆಯಲ್ಲಿ, ಹೀಗೆ ವಿಸ್ತರಿಸಿದ್ದನ್ನು ‘ರಿಟರ್ನ್’ ಮಾಡಲು (ಕೋರೀಡರಿಗೆ ಒಪ್ಪಿಸಲು) ಮರೆತರೆ ಪ್ಲಗಿನ್ ಲೋಡ್ ಆಗುವುದಿಲ್ಲ.

ಕನ್ನಡಕ್ಕೆ ಬೇಕಾದ ಎಚ್ಚರ ಬೇರೆಯೇ ಇದೆ. ‘ಕಾಸರಗೋಡು’ ನಮ್ಮ ಕಣ್ಣಿಗೆ ಐದಕ್ಷರ. ಅಕ್ಷರ, ಸ್ವರಚಿಹ್ನೆಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಎಂಟು ಸಂಕೇತ, ಆ ಸಂಕೇತಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಇಪ್ಪತ್ತನಾಲ್ಕು ಬೈಟ್. ಲುವಾ ಎಣಿಸುವುದು ಬೈಟುಗಳನ್ನು. ಸಾಲು ಉದ್ದವಾಯಿತೆಂದು ನಾನೊಮ್ಮೆ ಈ ಪದವನ್ನು ಹತ್ತನೆಯ ಬೈಟಿಗೆ ಕತ್ತರಿಸಿದಾಗ ‘ಕಾಸ’ ಮಾತ್ರ ಉಳಿದು, ರಕಾರದ ಮೂರರಲ್ಲಿ ಒಂದು ಪಾಲು ಅರ್ಥವಿಲ್ಲದ ಗುರುತಾಗಿ ಪಕ್ಕದಲ್ಲಿ ನಿಂತಿತ್ತು. ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೂ ‘ಗೋ’ ಒಡೆದು ‘ಗ’ ಆಗಬಹುದು. ಆದ್ದರಿಂದ ಪದವನ್ನು ಎಲ್ಲಿಯೂ ತುಂಡರಿಸದೆ, ಪ್ರತಿಯೊಂದನ್ನೂ ಲುವಾ ಟೇಬಲಿನ (ಪಟ್ಟಿಯ) ಇಡಿಯ ಅಂಶವಾಗಿಯೇ ಇಟ್ಟುಕೊಳ್ಳಬೇಕು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ನೋಟೋ ಸಾನ್ಸ್ ಕನ್ನಡ ಫಾಂಟನ್ನು ‘ಫಾಂಟ್ಸ್’ ಫೋಲ್ಡರಿಗೆ ಹಾಕಿಕೊಳ್ಳಬೇಕು.

ಇ-ಇಂಕ್ ಪರದೆಯಲ್ಲಿ ಕಪ್ಪು ಬಿಳಿ ಕಣಗಳು ನಿಜವಾಗಿಯೇ ಮೇಲೆ ಕೆಳಗೆ ಸರಿಯುವುದರಿಂದ, ಬದಲಾವಣೆ ನಿಧಾನ. ಹಳೆಯ ಪದದ ಮಸುಕು ನೆರಳು ಕೂಡ ಉಳಿಯಬಹುದು. ಪದಗಳು ತಾವಾಗಿ ಓಡುವಂತೆ ಮಾಡದೆ, ಓದುವವರು ಮುಟ್ಟಿದಾಗ ಮಾತ್ರ ಬದಲಾಗುವಂತೆ ಬರೆಯಿರಿ.

ಎಮ್ಯುಲೇಟರಿನಲ್ಲಿ ಸರಿಯಾದ ಮೇಲೆ ಫೋಲ್ಡರನ್ನು ಯುಎಸ್‌ಬಿ ಮೂಲಕ ಸಾಧನಕ್ಕೆ ನಕಲಿಸಿ, ಕೋರೀಡರನ್ನು ಮುಚ್ಚಿ ತೆರೆಯಿರಿ. ಕೊಬೊದಲ್ಲಿ ಕೋರೀಡರ್ ‘.ಆ್ಯಡ್ಸ್’ ಎಂಬ ಅಡಗಿದ ಫೋಲ್ಡರಿನೊಳಗೆ ಇರುವುದರಿಂದ, ಅಡಗಿದ ಕಡತಗಳನ್ನು ತೋರಿಸುವಂತೆ ಕಂಪ್ಯೂಟರಿಗೆ ಮೊದಲೇ ಹೇಳಿರಬೇಕು. ಮೆನುವಿನಲ್ಲಿ ನಿಮ್ಮ ಸಾಲು ಕಾಣದಿದ್ದರೆ ಕೋರೀಡರ್ ಫೋಲ್ಡರಿನ ‘ಕ್ರ್ಯಾಶ್.ಲಾಗ್’ ತೆರೆದು ಕೊನೆಯ ಸಾಲುಗಳನ್ನು ಓದಿ. ತಪ್ಪಿರುವ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತವೆ.