ನಿಂತ ಮಗ್ಗವೂ ನೇಯುತ್ತಿತ್ತು

ದೊಡ್ಡಬಳ್ಳಾಪುರದಲ್ಲಿ ನಮ್ಮ ಭಾವನ ಪವರ್‌ಲೂಮ್ ಶೆಡ್ ಇದೆ. ಆರು ಮಗ್ಗ. ಯಾವ ಮಗ್ಗ ದಿನಕ್ಕೆ ಎಷ್ಟು ಹೊಕ್ಕು (ಅಡ್ಡ ನೂಲಿನ ಎಳೆ) ಹಾಕಿತು ಅಂತ ಎಣಿಸೋ ಪೆಟ್ಟಿಗೆ ಮಾಡಿಕೊಡು ಅಂದರು. ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ಬಂದರೆ ಒಂದು ಹೊಕ್ಕು. ಶಾಫ್ಟಿಗೆ ಮ್ಯಾಗ್ನೆಟ್, ಎದುರಿಗೆ ರೀಡ್ ಸ್ವಿಚ್ (ಗಾಜಿನ ಕೊಳವೆಯೊಳಗೆ ಎರಡು ಲೋಹದ ಎಲೆ, ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುತ್ತವೆ), ಆರೂ ವೈರು ಒಂದು ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು.

ಪಿನ್ನಿನಲ್ಲಿ ಸಿಗ್ನಲ್ ಬದಲಾದ ಕೂಡಲೇ ನಡೆಯುತ್ತಿರುವ ಕೆಲಸ ನಿಲ್ಲಿಸಿ ಅದನ್ನು ಗಮನಿಸುವುದಕ್ಕೆ ಇಂಟರಪ್ಟ್ ಅನ್ನುತ್ತಾರೆ. ಊನೋದಲ್ಲಿ ನೇರ ಇಂಟರಪ್ಟ್ ಇರುವುದು 2 ಮತ್ತು 3ನೇ ಪಿನ್ನಿಗೆ ಮಾತ್ರ. ನನಗೆ ಆರು ಬೇಕು. ಅದಕ್ಕೆ ಎ0ಯಿಂದ ಎ5ವರೆಗಿನ ಪಿನ್ನುಗಳಲ್ಲಿ ಪಿನ್ ಚೇಂಜ್ ಇಂಟರಪ್ಟ್ ಎಂಬ ಇನ್ನೊಂದು ಬಗೆಯನ್ನು ಬಳಸಿದೆ. ಸ್ವಿಚ್ಚಿನ ಎಲೆಗಳು ಕೂಡುವಾಗ ಕುಣಿಯುತ್ತವೆ, ಒಂದು ಸಲ ಕೂಡಿದ್ದು ಹಲವು ಸಲ ಕೂಡಿದಂತೆ ಕಾಣುತ್ತದೆ. ಹಾಗಾಗಿ ಒಂದು ಪಲ್ಸ್ ಬಂದ ಮೇಲೆ 10 ಮಿಲಿಸೆಕೆಂಡ್ ಏನು ಬಂದರೂ ಎಣಿಸದ ಹಾಗೆ ಕೋಡ್ ಬರೆದೆ.

ಮೊದಲ ದಿನವೇ ನೇಕಾರರೊಬ್ಬರು ನಕ್ಕರು. "ಮೂರನೇ ಮಗ್ಗ ನಿಮಿಷಕ್ಕೆ ಇನ್ನೂರ ನಲವತ್ತು ಹೊಡೀತೈತಾ ಸಾಮಿ? ಹಂಗಾದ್ರೆ ನಾನು ಸಾವ್ಕಾರ ಆಗೋದ್ನಲ್ಲ!"

ಮಗ್ಗ ಓಡುತ್ತಿದ್ದದ್ದು 120ರಲ್ಲಿ. ಸರಿಯಾಗಿ ಎರಡು ಪಟ್ಟು. ಎಲೆ ಕುಣಿಯುವುದರಿಂದ ಬಂದ ತಪ್ಪಾಗಿದ್ದರೆ ಅಂಕಿ ಇಷ್ಟು ಅಚ್ಚುಕಟ್ಟಾಗಿ ಇರುತ್ತಿರಲಿಲ್ಲ. ಮಗ್ಗ ನಿಲ್ಲಿಸಿ, ಸ್ವಿಚ್ಚಿಗೆ ಮಲ್ಟಿಮೀಟರ್ ಹಚ್ಚಿ, ಗಾಲಿಯನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಬೀಪ್. ಒಂದು ಚೂರು ಮೌನ. ಮತ್ತೆ ಬೀಪ್. ಆ ಮಗ್ಗದಲ್ಲಿ ಜಾಗ ಸಾಲದೆ ಸ್ವಿಚ್ಚನ್ನು ಅಡ್ಡ ತಿರುಗಿಸಿ ಕೂರಿಸಿದ್ದೆ. ಮ್ಯಾಗ್ನೆಟ್ಟಿನ ಒಂದು ತುದಿ ಗಾಜಿನ ಕೊಳವೆಗೆ ಮುಖಮಾಡಿ ಅದರ ಉದ್ದಕ್ಕೂ ಸಾಗುತ್ತಿತ್ತು. ಹಾಗೆ ಸಾಗಿದರೆ ಸ್ವಿಚ್ ಒಂದು ಬದಿಯಲ್ಲಿ ಕೂಡುತ್ತದೆ, ನಟ್ಟನಡುವೆ ಬಿಡುತ್ತದೆ, ಇನ್ನೊಂದು ಬದಿಯಲ್ಲಿ ಮತ್ತೆ ಕೂಡುತ್ತದೆ. ಕೋಡಿನಲ್ಲಿ 10ನ್ನು 50 ಮಾಡಿದ್ದರೂ ಓಡುವಾಗ ಇದು ಮುಚ್ಚಿಹೋಗುತ್ತಿತ್ತು. ಆದರೆ ನೂಲು ಕಡಿದು ಮಗ್ಗವನ್ನು ಕೈಯಲ್ಲಿ ಹೊರಳಿಸಿದಾಗ ಮತ್ತೆ ತಲೆ ಎತ್ತುತ್ತಿತ್ತು. ಸ್ವಿಚ್ಚನ್ನು ತಿರುಗಿಸಿ ಕೂರಿಸಿದೆ, ಮುಗಿಯಿತು.

ಎರಡನೆಯದು ವಿಚಿತ್ರ. ನಿಂತ ಮಗ್ಗದ ಲೆಕ್ಕವೂ ಏರುತ್ತಿತ್ತು. ಪಕ್ಕದ ಮೋಟರ್ ಶುರುವಾದಾಗಲೆಲ್ಲ ಆರೂ ಮಗ್ಗದ ಲೆಕ್ಕಕ್ಕೆ ಒಟ್ಟಿಗೆ ಒಂದೋ ಎರಡೋ ಸೇರುತ್ತಿತ್ತು. ಎಲ್ಲವೂ ಒಟ್ಟಿಗೆ ಏರಿದರೆ ಸೆನ್ಸರನ್ನು ಬೈಯಬೇಡಿ, ವೈರನ್ನು ನೋಡಿ. ನನ್ನ ವೈರುಗಳು ಹದಿನೈದು ಮೀಟರ್ ದೂರ ಮೋಟರ್ ಕೇಬಲ್ ಜೊತೆಗೇ ಮಲಗಿದ್ದವು. ಸ್ವಿಚ್ ತೆರೆದಿರುವಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿದ್ದದ್ದು ಚಿಪ್ಪಿನ ಒಳಗಿನ ಪುಲ್‌ಅಪ್ ಎಂಬ ರೆಸಿಸ್ಟರ್. ಅದು 20ರಿಂದ 50 ಕಿಲೋ ಓಮ್, ಇಷ್ಟು ಗದ್ದಲಕ್ಕೆ ಸಾಕಾಗುವುದಿಲ್ಲ. ವೈರುಗಳನ್ನು ಬೇರೆ ದಾರಿಯಲ್ಲಿ ಎಳೆದೆ. ಹೊರಗಿನಿಂದ 2.2 ಕಿಲೋ ಓಮ್ ಪುಲ್‌ಅಪ್, ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸ್ವಿಚ್ಚಿನ ಸಾಲಲ್ಲಿ 100 ಓಮ್ ಇರಲಿ. ಇಲ್ಲದಿದ್ದರೆ ಕೆಪಾಸಿಟರಿನ ಕರೆಂಟು ಒಮ್ಮೆಲೇ ನುಗ್ಗಿ ಎಲೆಗಳು ಅಂಟಿಕೊಳ್ಳಬಹುದು.

ನಿದ್ದೆ ಕೆಡಿಸಿದ್ದು ಮೂರನೆಯದು. ಎಣಿಕೆ ಬದಲಾದಾಗಲೆಲ್ಲ ಲ್ಯಾಪ್‌ಟಾಪಿಗೆ ಕಳಿಸುತ್ತಿದ್ದೆ. ಅದರಲ್ಲಿ ದಿನಕ್ಕೆ ಒಂದೆರಡು ಸಲ ಇಂಥ ಸಾಲು: 254, 255, 511, 257. ಮಧ್ಯೆ 511 ಎಲ್ಲಿಂದ ಬಂತು? ಟೀ ಕುಡಿಯುತ್ತಾ ಕಳೆದು ನೋಡಿದೆ. 511ರಲ್ಲಿ 255 ಹೋದರೆ 256. ತಕ್ಷಣ ಹೊಳೆಯಿತು. ಊನೋದ ಚಿಪ್ 8 ಬಿಟ್ಟಿನದು, ಒಂದು ತುಂಡಿನಲ್ಲಿ 255ವರೆಗೆ ಮಾತ್ರ ಹಿಡಿಯುತ್ತದೆ, ಅದಕ್ಕಿಂತ ದೊಡ್ಡ ಸಂಖ್ಯೆಯನ್ನು ತುಂಡುತುಂಡಾಗಿ ಓದುತ್ತದೆ. ಕೆಳಗಿನ ತುಂಡು 255 ಅಂತ ಓದಿ ಆಯಿತು. ಅಷ್ಟರಲ್ಲಿ ಇಂಟರಪ್ಟ್ ಬಂದು ಎಣಿಕೆಯನ್ನು 256 ಮಾಡಿತು. ಮೇಲಿನ ತುಂಡು ಓದುವಾಗ ಅಲ್ಲಿ 1 ಕೂತಿದೆ, ಆ ಜಾಗದ 1 ಅಂದರೆ 256. ಎರಡೂ ಸೇರಿ 511.

ಇದನ್ನು ಶೆಡ್ಡಿನಲ್ಲಿ ಕೂತು ಕಾಯುವುದು ಕಷ್ಟ. ಮನೆಯಲ್ಲಿ ಇನ್ನೊಂದು ಊನೋದಿಂದ ಸೆಕೆಂಡಿಗೆ 1000 ಪಲ್ಸ್ ಕೊಟ್ಟೆ. ಆ 10 ಮಿಲಿಸೆಕೆಂಡಿನ ತಡೆಯನ್ನು ಪರೀಕ್ಷೆಯ ಮಟ್ಟಿಗೆ ತೆಗೆದಿದ್ದೆ. ಸ್ವಲ್ಪ ಹೊತ್ತಿನಲ್ಲೇ ತಪ್ಪು ಕಾಣಿಸಿಕೊಂಡಿತು. ಇಂಟರಪ್ಟ್ ನಿಲ್ಲಿಸಿ, ಎಣಿಕೆಯನ್ನು ಬೇರೆ ವೇರಿಯಬಲ್‌ಗೆ ನಕಲು ಮಾಡಿಕೊಂಡು, ಮತ್ತೆ ಇಂಟರಪ್ಟ್ ಬಿಟ್ಟೆ. ಮೂರೇ ಸಾಲು. ಎಣಿಕೆಯ ವೇರಿಯಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದ ಹೊಸದಾಗಿ ಓದು ಅಂತ ಹೇಳುವ ಪದ) ಅಂತ ಬರೆದಿದ್ದೆನಲ್ಲ, ಸಾಕು ಅಂದುಕೊಂಡಿದ್ದೆ. ಓದುವ ನಡುವೆ ಇಂಟರಪ್ಟ್ ಬರದಂತೆ ತಡೆಯುವ ಕೆಲಸವನ್ನು ಅದು ಮಾಡುವುದಿಲ್ಲ.

ಈಗ ಉಳಿದಿರುವುದು ಕರೆಂಟು ಹೋಗುವ ಕಾಟ. ಪ್ರತಿ ಹೊಕ್ಕನ್ನೂ ಈಈಪ್ರಾಮ್‌ನ (ಕರೆಂಟು ಹೋದರೂ ಅಳಿಯದ ಮೆಮೊರಿ) ಒಂದೇ ಜಾಗದಲ್ಲಿ ಬರೆದರೆ, ಅದರ 1,00,000 ಸಲದ ಆಯಸ್ಸು ನಿಮಿಷಕ್ಕೆ 120ರಂತೆ ಹದಿನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಸದ್ಯಕ್ಕೆ ಹತ್ತು ನಿಮಿಷಕ್ಕೊಮ್ಮೆ, ಜಾಗ ಬದಲಿಸುತ್ತಾ ಬರೆಯುತ್ತಿದ್ದೇನೆ. ನಡುವೆ ಕರೆಂಟು ಹೋದರೆ ಆ ಹತ್ತು ನಿಮಿಷದ ಲೆಕ್ಕವನ್ನು ಭಾವ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿರುತ್ತಾರೆ.